ತಕರಾರಿಲ್ಲ

ನನ್ನ ಅಕ್ಕ ಸರ್ಕಾರಿ ವಕೀಲೆ. ಭಾವನೂ ಸರ್ಕಾರಿ ವಕೀಲರೇ. ಅಕ್ಕ ನೋಡುವುದು ಕ್ರಿಮಿನಲ್ ಕೇಸು, ಭಾವ ಸರ್ಕಾರಿ ಜಮೀನಿನ ವ್ಯಾಜ್ಯ. ಅವರ ಮನೆಯಲ್ಲಿ ಒಂದು ಕಟ್ಟು ಸೊಪ್ಪು ತರುವುದಕ್ಕೂ ವಾದ, ಪ್ರತಿವಾದ. ಕುಕ್ಕರ್ ಇಡುವವರು ಯಾರು ಎಂಬುದು ತೀರ್ಮಾನವಾಗದೆ ಎಷ್ಟೋ ಸಲ ಊಟ ನನ್ನ ಮನೆಯಿಂದ ಹೋಗಿದೆ. ಎರಡನೇ ಕ್ಲಾಸಿನ ಮಗಳು ಗಿಣಿ ಕೂಡ ಹಾಲು ಬೇಡವೆನ್ನಲು 'ಆಕ್ಷೇಪಣೆ ಇದೆ' ಅನ್ನುತ್ತಾಳೆ. ಮೊದಲು ನನಗೆ ನಗು ಬರುತ್ತಿತ್ತು. ಈಗ ಬರುವುದಿಲ್ಲ.

ಆ ದಿನ ಅಕ್ಕ ಒಬ್ಬನ ಜಾಮೀನನ್ನು ವಿರೋಧಿಸಬೇಕಿತ್ತು. ಸಾಕ್ಷಿಗಳ ಮನೆಗೆ ಜನ ಕಳಿಸಿ ಬಾಯಿ ಮುಚ್ಚಿಸುವುದೇ ಅವನ ಕಸುಬು. ಗಿಣಿಯನ್ನು ಸ್ಕೂಲಿನಿಂದ ಕರೆತರುವ ಸರದಿಯೂ ಅವತ್ತು ಅವಳದೇ. ವಾದ ಸಂಜೆಯವರೆಗೂ ಎಳೆಯುವುದು ಖಚಿತವಾದಾಗ ಅವಳು ಭಾವನಿಗೆ ಮೆಸೇಜು ಹಾಕಿದಳು: 'ಗಿಣಿ ವಿಷಯದಲ್ಲಿ ಇವತ್ತು ನನಗೆ ಸಮಯ ಬೇಕು.'

ಕೋರ್ಟಿನಲ್ಲಿ ಸಮಯ ಬೇಕು ಎಂದರೆ ಇವತ್ತು ನನ್ನಿಂದಾಗದು, ಇನ್ನೊಂದು ದಿನ ನೋಡೋಣ ಎಂದರ್ಥ. ವರ್ಷವಿಡೀ ಅದೇ ಮಾತಿನಲ್ಲಿ ಮುಳುಗೇಳುವ ಭಾವ, ಅವತ್ತೊಂದು ದಿನ ಅದನ್ನು ಮನೆಮಾತೆಂದು ಓದಿಕೊಂಡರು. ಹೆಂಡತಿ ಸ್ವಲ್ಪ ತಡವಾಗಿ ಸ್ಕೂಲಿಗೆ ಹೋಗುತ್ತಾಳೆ, ಅಷ್ಟೇ ತಾನೆ? 'ತಕರಾರಿಲ್ಲ' ಎಂದು ಉತ್ತರ ಕೊಟ್ಟು ಫೈಲು ಬಿಚ್ಚಿದರು. ಭಾವನೇ ಹೋಗುತ್ತಾರೆಂದು ಅಕ್ಕ ನೆಮ್ಮದಿಯಿಂದ ಫೋನು ಆಫ್ ಮಾಡಿ ಒಳಗೆ ಹೋದಳು.

ಜಾಮೀನು ಸಿಗಲಿಲ್ಲ. ಗೆದ್ದ ಖುಷಿಯಲ್ಲಿ ಹೊರಬಂದು ಭಾವನಿಗೆ ಫೋನು ಮಾಡಿ, ಗಿಣಿ ಏನು ಮಾಡುತ್ತಿದ್ದಾಳೆಂದು ಕೇಳಿದಳು.

"ನಿನ್ನ ಜೊತೆ ಇಲ್ವಾ?" ಅಂದರು ಭಾವ.

ನನ್ನ ಹೊಲಿಗೆ ಅಂಗಡಿ ಕೋರ್ಟಿನ ಎದುರಿಗೇ ಇದೆ. ಅಕ್ಕ ಕಪ್ಪು ಕೋಟಿನಲ್ಲೇ ರಸ್ತೆ ದಾಟಿ ಓಡಿಬಂದಳು. ಕತ್ತರಿ ಅಲ್ಲೇ ಬಿಸಾಕಿ ಸ್ಕೂಟರ್ ತೆಗೆದೆ. ಹಿಂದೆ ಕೂತವಳು ನನ್ನ ಭುಜವನ್ನು ಉಗುರು ನಾಟುವಂತೆ ಹಿಡಿದಿದ್ದಳು. ಆರೋಪಿಯ ಕಡೆಯವರು ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿದ್ದರಂತೆ. ಇವಳು ವಾದಕ್ಕೆ ನಿಂತ ಕೂಡಲೇ ಅವರಲ್ಲಿ ಕಂದು ಅಂಗಿಯವನೊಬ್ಬ ಎದ್ದು ಹೊರಗೆ ಹೋದನಂತೆ.

"ಅವನು ಯಾಕೆ ಎದ್ದು ಹೋದ ಅಂತ ಆಗ ನನಗೆ ಹೊಳೀಲೇ ಇಲ್ಲ ಕಣೇ," ಅಂದಳು.

ನಾನು ಸ್ಕೂಟರಿನ ವೇಗ ಹೆಚ್ಚಿಸಿದೆ. ಸಿಗ್ನಲ್ಲಿನಲ್ಲಿ ನಿಲ್ಲಲೂ ಭಯ, ನಿಲ್ಲದಿರಲೂ ಭಯ.

ಸ್ಕೂಲಿನ ಗೇಟು ಅರ್ಧ ಮುಚ್ಚಿತ್ತು. ಆಯಾ ಒಬ್ಬಳು ಒಳಗೆಲ್ಲೋ ನೆಲ ಒರೆಸುತ್ತಿದ್ದಳು. ಹೊರಗಿನ ಮೆಟ್ಟಿಲ ಮೇಲೆ, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಗಿಣಿ ಕೂತಿದ್ದಳು. ಹೋದ ಜೀವ ಬಂದಂತಾಯಿತು. ಅಕ್ಕ ಅವಳನ್ನು ಎತ್ತಿಕೊಂಡು ಅತ್ತಳು, ನಾನೂ ಅತ್ತೆ. ಯಾಕೆ ಇಬ್ಬರೂ ಅಳುತ್ತಿದ್ದೀರಿ ಎಂದು ಗಿಣಿ ಬೈದಳು.

ಕೆಳಗಿಳಿಸುವಾಗ ಅಕ್ಕನ ಕಣ್ಣು ಮಗಳ ಶೂ ಮೇಲೆ ಬಿತ್ತು. ಗಿಣಿಗೆ ಲೇಸು ಕಟ್ಟಲು ಬಾರದು. ದಿನಾ ಸಂಜೆ ಎರಡೂ ನೆಲ ಗುಡಿಸುತ್ತಿರುತ್ತವೆ. ಅವತ್ತು ಎರಡೂ ಬಿಗಿಯಾಗಿ, ಒಂದೇ ಅಳತೆಯಲ್ಲಿ ಕಟ್ಟಿದ್ದವು.

"ಇದನ್ನ ಯಾರು ಕಟ್ಟಿದ್ರು ಪುಟ್ಟಾ?"

"ಒಬ್ಬರು ಅಂಕಲ್. ಅಮ್ಮ ಕೋರ್ಟಲ್ಲಿ ಮಾತಾಡ್ತಿದಾರೆ, ಬರೋದು ತಡ ಆಗುತ್ತೆ ಅಂತ ಹೇಳಿದ್ರು. ಇಷ್ಟೊತ್ತು ಇಲ್ಲೇ ಕೂತಿದ್ರು. ನಿಮ್ಮಮ್ಮನಿಗೆ ಪುರುಸೊತ್ತಿಲ್ಲ ಅಲ್ವಾ, ನಾಳೆಯಿಂದ ನಾನೇ ಬಂದು ಕರ್ಕೊಂಡು ಹೋಗ್ತೀನಿ ಅಂದ್ರು."

ಅಷ್ಟರಲ್ಲಿ ಭಾವ ಏದುಸಿರು ಬಿಡುತ್ತಾ ಬಂದು ನಿಂತರು. ಅವರು ಬಾಯಿ ತೆರೆಯುವ ಮೊದಲೇ ಅಕ್ಕ ಕೈಯೆತ್ತಿ ತಡೆದಳು. ಮಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಮೆತ್ತಗೆ ಒಂದೊಂದಾಗಿ ಕೇಳತೊಡಗಿದಳು. ಅಂಗಿ ಯಾವ ಬಣ್ಣ? ಗಡ್ಡ ಇತ್ತಾ? ಎಷ್ಟು ಎತ್ತರ ಇದ್ದ? ಗಿಣಿ ತಡವರಿಸದೆ ಎಲ್ಲವನ್ನೂ ಹೇಳಿದಳು. ಕಂದು ಅಂಗಿ, ಗಡ್ಡ ಇಲ್ಲ, ಅಪ್ಪನಷ್ಟೇ ಎತ್ತರ. ಒಂದೊಂದು ಉತ್ತರಕ್ಕೂ ಅಕ್ಕನ ಮುಖ ಬಿಳಿಚಿಕೊಳ್ಳುತ್ತಾ ಹೋಯಿತು.

"ಸರಿಯಾಗಿ ಜ್ಞಾಪಿಸ್ಕೋ ಪುಟ್ಟಾ. ಅಂಗಿ ಬೇರೆ ಬಣ್ಣ ಇರಬಹುದು, ಅಲ್ವಾ?"

ಗಿಣಿ ಇಲ್ಲವೆಂದು ತಲೆಯಾಡಿಸಿದಳು. ಅಕ್ಕ ಅದನ್ನೇ ಮತ್ತೊಮ್ಮೆ ಕೇಳಿದಳು. ಮಗು ತಪ್ಪು ಹೇಳಲಿ ದೇವರೇ ಎಂದು ನಾವು ಮೂವರೂ ಕಾಯುತ್ತಿದ್ದೆವು.