ಅತ್ತಿಗೆಯ ಟ್ಯೂಬು, ಸಾಹೇಬರ ಬೆರಳು

ನಮ್ಮ ಅತ್ತಿಗೆಗೆ ಮನೆಯಲ್ಲಿಟ್ಟ ಅಡ್ಡಹೆಸರು 'ಮುಟ್ಬೇಡಿ ಮೇಡಂ'. ಅವರ ಕೆಲಸವೇ ಅಂಥದ್ದು. ಕುದಿಯುವ ಬುಗ್ಗೆಗಳಲ್ಲಿ ಹಾಯಾಗಿ ಬಾಳುವ, ಕಣ್ಣಿಗೆ ಕಾಣದ ಜೀವಿಗಳಿವೆಯಲ್ಲ, ಅವುಗಳೊಳಗಿನ ಪುಟ್ಟ ಆರ್‌ಎನ್‌ಎಗಳನ್ನು ಹುಡುಕುವುದು. ಅಷ್ಟು ಬಿಸಿಗೂ ಜಗ್ಗದ ಆ ವಸ್ತು ಬರಿಗೈಯ ಬೆವರು ತಾಗಿದರೆ ಚೂರುಚೂರು. ಹಾಗಾಗಿ ಲ್ಯಾಬಿನಲ್ಲಿ ಕೈಗೆ ಗ್ಲೌಸು, ಬಾಯಿಗೆ ಮಾಸ್ಕು, ಹತ್ತಿರ ಬಂದವರಿಗೆಲ್ಲ ಬೈಗುಳ. ಮನೆಗೆ ಬಂದರೂ ಚಟ ಬಿಡದು. ನಮ್ಮಮ್ಮ ಸಕ್ಕರೆ ಡಬ್ಬಿಗೆ ಕೈ ಹಾಕಿದರೆ, ಅತ್ತೆ ಎಂಬ ಮುಲಾಜೂ ಇಲ್ಲದೆ ಗದರುತ್ತಾರೆ.

"ಆ ಆರ್‌ಎನ್‌ಎ ಮಾಡೋದಾದ್ರೂ ಏನತ್ತಿಗೆ?" ಎಂದು ಒಮ್ಮೆ ಕೇಳಿದೆ.

"ದೊಡ್ಡ ಆರ್‌ಎನ್‌ಎ ಬಿಸಿಗೆ ಬಿಚ್ಕೊಳ್ದೇ ಇರೋ ಹಾಗೆ ಅಲ್ಲಲ್ಲಿ ಬಿಗಿ ಮಾಡ್ಬೇಕು. ಎಲ್ಲಿ ಅಂತ ಈ ಪುಟ್ಟದು ತೋರಿಸುತ್ತೆ. ಕೆಲಸ ಮಾಡೋರು ಬೇರೆ."

"ಅಂದ್ರೆ ನಿಮ್ಮ ಡೈರೆಕ್ಟರ ಹಾಗೆ!" ಅಣ್ಣ ನಡುವೆ ಬಾಯಿ ಹಾಕಿದ.

"ಇದು ಸರಿಯಾದ ಜಾಗ ತೋರಿಸುತ್ತೆ ರೀ."

ಅವರು ಹುಡುಕುತ್ತಿದ್ದ ಜೀವಿ ಲ್ಯಾಬಿನಲ್ಲಿ ಬೆಳೆಯಲೊಲ್ಲದು. ಅದಿದ್ದ ಬುಗ್ಗೆಗೆ ಯಾರೋ ಪುಣ್ಯಾತ್ಮರು ಕಲ್ಲು ಹಾಸಿ, ತಣ್ಣೀರು ಬೆರೆಸಿ ಈಜುಕೊಳ ಮಾಡಿಬಿಟ್ಟರು. ಉಳಿದದ್ದು ಆ ಜೀವಿಯಿಂದ ಮೊದಲೇ ತೆಗೆದಿಟ್ಟಿದ್ದ ಆರ್‌ಎನ್‌ಎಯ ಒಂದೇ ಟ್ಯೂಬು. ಅದರಲ್ಲಿ ಯಾರೂ ಕಂಡಿರದ ಪುಟ್ಟ ಆರ್‌ಎನ್‌ಎ ಒಂದಿದೆ ಎಂದು ಅತ್ತಿಗೆಗೆ ಬಲವಾದ ಗುಮಾನಿ. ಇನ್ನೇನು ಕೊನೆಯ ಪರೀಕ್ಷೆ ಎನ್ನುವಾಗ ಸಂಸ್ಥೆಗೆ ಅನುದಾನ ಕೊಡುವ ಸಾಹೇಬರು ಭೇಟಿಗೆ ಬಂದರು. ಡೈರೆಕ್ಟರು ಹಿಂದುಮುಂದು ನೋಡದೆ ಆ ಟ್ಯೂಬನ್ನೇ ಅವರ ಕೈಗಿತ್ತರು. ಅತ್ತಿಗೆ ಗಾಬರಿಯಿಂದ ಗ್ಲೌಸು ಚಾಚಿದರು.

"ಬೇಡಮ್ಮ, ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ," ಎಂದ ಸಾಹೇಬರು ಮುಚ್ಚಳ ತೆಗೆದು ಮೂಸಿದರು. "ಕುದಿಯೋ ನೀರಿಂದು ಅಂದ್ರಿ, ಬಿಸೀನೇ ಇಲ್ವಲ್ಲ?" ಎಂದು ಕಿರುಬೆರಳಿನ ತುದಿ ಅದ್ದಿಯೇ ಬಿಟ್ಟರು.

ಅತ್ತೆಯನ್ನು ಗದರುವ ಬಾಯಿಗೆ ಅಂದು ಬೀಗ ಬಿತ್ತು. ಅತ್ತಿಗೆಯದು ಒಪ್ಪಂದದ ಕೆಲಸ. ಅದನ್ನು ಮುಂದುವರಿಸುವ ಸಹಿ ಅದೇ ಕೈಯದು.

ಪರೀಕ್ಷೆಯಲ್ಲಿ ಸಿಕ್ಕಿದ್ದು ಬರೀ ಚೂರು. ಆ ಸಂಜೆ ಅತ್ತಿಗೆ ಅಡುಗೆಮನೆಯಲ್ಲಿ ನಿಂತು ಬಿಕ್ಕಿಬಿಕ್ಕಿ ಅತ್ತರು.

"ನನ್ನ ಬೈದ ಹಾಗೆ ಅವನನ್ನೂ ಬೈಯ್ಬೇಕಿತ್ತು ಕಣೆ," ಅಮ್ಮ ಅವರ ಬೆನ್ನು ಸವರಿದಳು.

ಮರುವಾರ ಡೈರೆಕ್ಟರು ನಗುನಗುತ್ತ ಕರೆಸಿಕೊಂಡರಂತೆ. "ಸಾಹೇಬ್ರಿಗೆ ಬಹಳ ಖುಷಿಯಾಗಿದೆ. ನಿಮ್ಮ ಕೆಲಸ ಇನ್ನು ಮೂರು ವರ್ಷ ಗಟ್ಟಿ. ಆ ಟ್ಯೂಬಲ್ಲಿರೋದನ್ನ ಪೂರ್ತಿ ಅಧ್ಯಯನ ಮಾಡ್ಬೇಕಂತೆ."

"ಅದರಲ್ಲೀಗ ಇರೋದು ಸಾಹೇಬ್ರ ಬೆವರು, ಸರ್."

"ಅದನ್ನೇ ಮಾಡಿ. ಬೇಡ ಅಂದೋರು ಯಾರು?"

ಅತ್ತಿಗೆ ಹೊಸ ಒಪ್ಪಂದಕ್ಕೆ ಸಹಿ ಹಾಕಿ ಮನೆಗೆ ಬಂದರು.