ಮಾವ ಕೇಳಿಸಿಕೊಂಡ ಸದ್ದು

ನಮ್ಮ ಮನೆಯ ಪಕ್ಕದ ಓಣಿಯಲ್ಲಿ, ಕಸದ ಡಬ್ಬಿಗಳ ಹಿಂದೆ, ಹೀಟ್ ಪಂಪ್‌ನ ಹೊರಗಿನ ಪೆಟ್ಟಿಗೆ ಇದೆ. ಒಳಗೆ ದೊಡ್ಡ ಫ್ಯಾನು ತಿರುಗುವ ಬಿಳಿ ಪೆಟ್ಟಿಗೆ. ಹೊರಗಿನ ತಣ್ಣನೆಯ ಗಾಳಿಯಿಂದಲೇ ಬಿಸಿಯನ್ನು ಹಿಂಡಿ ಮನೆಯ ನೀರಿಗೆ ಕೊಡುತ್ತದೆ, ಆ ನೀರು ರೇಡಿಯೇಟರ್‌ಗಳಲ್ಲಿ ಸುತ್ತುತ್ತದೆ. ಈ ಚಳಿ ದೇಶಕ್ಕೆ ಬಂದು ಲೂಕನ್ ಎಂಬ ಊರಿನಲ್ಲಿ ಈ ಹಳೆಯ ಜೋಡಿ ಮನೆ ಕೊಂಡ ಮೇಲೆ ಗ್ಯಾಸ್ ಬಾಯ್ಲರ್ ತೆಗೆಸಿ ಇದನ್ನು ಹಾಕಿಸಿದವಳು ನಾನು. ಗಂಡನಿಗೆ ಇಂಥದರಲ್ಲಿ ಆಸಕ್ತಿಯಿಲ್ಲ. ಹಾಗಾಗಿ ಅದರ ಬಗ್ಗೆ ಯಾರು ಏನೇ ಹೇಳಿದರೂ ನನಗೇ ಹೇಳಿದಂತೆ ಅನಿಸುತ್ತಿತ್ತು.

ಒಂದು ನವೆಂಬರ್‌ನಲ್ಲಿ ಮಾವ ಮೂರು ತಿಂಗಳ ವೀಸಾದ ಮೇಲೆ ಉಡುಪಿಯಿಂದ ಬಂದರು. ಅದಕ್ಕೆ ಮುಂಚಿನ ಮಳೆಗಾಲದಲ್ಲಿ ಅವರಿಗೆ ನ್ಯುಮೋನಿಯಾ ಆಗಿತ್ತು. ಚಳಿ ತಾಗಬಾರದು ಎಂದು ಅಲ್ಲಿನ ಡಾಕ್ಟರು ಹೇಳಿದ್ದರು. ಚಳಿಗಾಲದಲ್ಲಿ ಕರೆಸುವುದು ಬೇಡವೇನೋ ಎಂದು ಗಂಡ ಹಿಂದೇಟು ಹಾಕಿದಾಗ, ನಮ್ಮ ಮನೆಯೊಳಗೆ ಚಳಿಯೇ ಇರುವುದಿಲ್ಲ, ನಾನು ನೋಡಿಕೊಳ್ಳುತ್ತೇನೆ ಎಂದವಳೂ ನಾನೇ.

ಮಾವ ಮೂವತ್ತೈದು ವರ್ಷ ಊರಿನ ನೀರು ಸರಬರಾಜಿನ ಪಂಪ್‌ಹೌಸ್‌ನಲ್ಲಿ ಆಪರೇಟರ್ ಆಗಿದ್ದವರು. ಪಾಳಿ ಮುಗಿಸುವಾಗ ಪುಸ್ತಕದಲ್ಲಿ ಮೋಟಾರಿನ ಸದ್ದು ಹೇಗಿತ್ತು, ಎಷ್ಟು ಬಿಸಿಯಾಗಿತ್ತು ಎಂದು ಬರೆದು, ಕೆಳಗೆ ಒಂದು ಗೆರೆ ಎಳೆದು ಬಿಡುತ್ತಿದ್ದರಂತೆ. ಮುಂದಿನ ಪಾಳಿಯವನು ಅದನ್ನು ಓದಿ ಆ ಗೆರೆಯ ಮೇಲೆ ಸಹಿ ಹಾಕದ ಹೊರತು ಇವರು ಮನೆಗೆ ಹೊರಡುವಂತಿರಲಿಲ್ಲ. ಇದನ್ನು ಏಳು ವರ್ಷದ ನನ್ನ ಮಗಳಿಗೆ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಅವಳು ಇಂಗ್ಲಿಷಿನಲ್ಲಿ ಕೇಳುವಳು, ಇವರು ಕನ್ನಡದಲ್ಲಿ ಉತ್ತರಿಸುವರು, ಇಬ್ಬರಿಗೂ ಅದರಿಂದ ಏನೂ ತೊಂದರೆಯಿರಲಿಲ್ಲ.

ಬಂದ ಎರಡನೆಯ ದಿನವೇ ಅಡುಗೆಮನೆಯಿಂದ ಮರದ ಸೌಟು ಒಯ್ದು, ಒಂದು ತುದಿಯನ್ನು ಆ ಬಿಳಿ ಪೆಟ್ಟಿಗೆಗೂ ಇನ್ನೊಂದನ್ನು ಕಿವಿಗೂ ಒತ್ತಿಕೊಂಡು ನಿಂತಿದ್ದರು. ಪಕ್ಕದ ಮನೆಯ ಮುದುಕ ಬೇಲಿಯಾಚೆಯಿಂದ ಏನೋ ಕೇಳಿದ. ಮಾವ ತಲೆಯಾಡಿಸಿ ನಕ್ಕರು. ಅವನು "ಗ್ರ್ಯಾಂಡ್" ಎಂದ, ಎಲ್ಲ ಸರಿಯಿದೆ ಎನ್ನುವುದಕ್ಕೆ ಇಲ್ಲಿಯವರು ಹೇಳುವ ಮಾತು. ಅಂದಿನಿಂದ ಆ ಪದ ಮಾವನ ಬಾಯಿಗೆ ಹತ್ತಿತು. ಊಟ ಹೇಗಿತ್ತು ಎಂದರೆ ಗ್ರ್ಯಾಂಡ್, ನಿದ್ದೆ ಬಂತೇ ಎಂದರೆ ಗ್ರ್ಯಾಂಡ್. ನನಗೆ ನಗು ಬರುತ್ತಿತ್ತು.

ನವೆಂಬರ್ ಕೊನೆಯಲ್ಲಿ ಮೊದಲ ಸಲ ಹಿಮ ಕಟ್ಟಿತು. ಅಂಥ ದಿನಗಳಲ್ಲಿ ಯಂತ್ರದ ಹಿಂಬದಿಗೆ ಮಂಜು ಹಿಡಿಯುತ್ತದೆ. ಅದು ಫ್ಯಾನು ನಿಲ್ಲಿಸಿ ತನ್ನನ್ನೇ ಕಾಯಿಸಿಕೊಂಡು ಮಂಜು ಕರಗಿಸುತ್ತದೆ. ಆಗ ಬುಸ್ಸೆಂದು ಸದ್ದಾಗಿ ಬಿಳಿಯ ಆವಿ ಏಳುತ್ತದೆ. ಅದು ಸಹಜವೆಂದು ನನಗೆ ಗೊತ್ತಿತ್ತು, ಮಾವನಿಗೆ ನಾನು ಹೇಳಿರಲಿಲ್ಲ. ಮೋಟಾರು ನೆನೆದು ಹೊಗೆಯಾಡುತ್ತಿದೆ ಎಂದುಕೊಂಡ ಅವರು ಶೆಡ್ಡಿನಲ್ಲಿದ್ದ ನೀಲಿ ಟಾರ್ಪಾಲು ತಂದು, ಬಟ್ಟೆ ಒಣಹಾಕುವ ಹಗ್ಗದಿಂದ ಪೆಟ್ಟಿಗೆಯನ್ನು ನಾಲ್ಕೂ ಕಡೆ ಬಿಗಿಯಾಗಿ ಕಟ್ಟಿದರು. ಮಳೆಗಾಲಕ್ಕೆ ಮುಂಚೆ ನಮ್ಮ ಕರಾವಳಿಯಲ್ಲಿ ಹೊರಗಿರುವ ಮೋಟಾರನ್ನು ಹೀಗಲ್ಲದೆ ಇನ್ನು ಹೇಗೆ ಕಾಪಾಡುತ್ತಾರೆ?

ಗಾಳಿಯಿಲ್ಲದೆ ಯಂತ್ರ ಗೊರಗೊರ ಎನ್ನತೊಡಗಿತು. ಮನೆ ಬೆಚ್ಚಗೇ ಇತ್ತು. ಯಂತ್ರ ಸೋತಾಗ ಮಹಡಿಯ ಬೀರುವಿನಲ್ಲಿರುವ ಬ್ಯಾಕಪ್ ಹೀಟರ್ ತಾನಾಗಿ ಹೊತ್ತಿಕೊಳ್ಳುತ್ತದೆ. ಅದು ಬೇರೇನಲ್ಲ, ಊರಿನಲ್ಲಿ ಬಕೆಟ್ಟಿಗೆ ಇಳಿಬಿಡುತ್ತೇವಲ್ಲ, ಅಂಥ ಕಾಯಿಲ್‌ನ ದೊಡ್ಡಣ್ಣ. ಕರೆಂಟನ್ನು ಗಟಗಟ ಕುಡಿಯುತ್ತದೆ. ನಾನು ಕತ್ತಲಲ್ಲಿ ಹೊರಟು ಕತ್ತಲಲ್ಲಿ ಬರುವವಳು, ಕ್ಲಾಂಡಾಲ್ಕಿನ್‌ನ ಗೋದಾಮೊಂದರ ಆಫೀಸಿನಲ್ಲಿ ನನ್ನ ಕೆಲಸ. ಓಣಿಯ ಕಡೆ ಹೋಗಿಯೇ ಇರಲಿಲ್ಲ. ಸದ್ದಿಗೆ ತಲೆ ಚಿಟ್ಟು ಹಿಡಿದು ಮೆಕ್ಯಾನಿಕ್‌ನನ್ನು ಕರೆಸಿದೆ.

ಅವನು ಓಣಿಗೆ ಹೋದವನು ಟಾರ್ಪಾಲನ್ನು ಕೈಯಲ್ಲಿ ಹಿಡಿದು ನಗುತ್ತಾ ಬಂದ. ಉಸಿರುಗಟ್ಟುವ ಹಾಗೆ ಕಟ್ಟಿದ್ದೀರಲ್ಲ, ಇಷ್ಟು ದಿನ ಮನೆ ಕಾಯಿಸಿದ್ದು ಬ್ಯಾಕಪ್ ಹೀಟರ್ ಎಂದ. ನನ್ನ ಮುಖ ಸುಟ್ಟಂತಾಯಿತು. ಮನೆಯವರಿಗೆ ಗೊತ್ತಿಲ್ಲದೆ ಇನ್ನೊಮ್ಮೆ ಹೀಗೆ ಹೊತ್ತಿಕೊಳ್ಳದ ಹಾಗೆ ಬ್ಯಾಕಪ್ಪನ್ನು ಕೈಯಿಂದಲೇ ಹಾಕುವಂತೆ ಮಾಡಿಬಿಡು ಎಂದೆ. ಯಂತ್ರ ಕೆಟ್ಟರೆ ಆಮೇಲೆ ಏನೂ ಬಿಸಿ ಬರುವುದಿಲ್ಲ, ಯೋಚಿಸಿ ಎಂದು ಅವನು ಎರಡು ಸಲ ಹೇಳಿದ. ಕೊನೆಗೆ ಒಪ್ಪಿ, ಬಿಸಿ ನಿಂತರೆ ಮೂರನೆಯ ಬಟನ್ನನ್ನು ಮೂರು ಸೆಕೆಂಡು ಒತ್ತಬೇಕು ಎಂದು ತೋರಿಸಿದ. ಮಾವ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು.

ಅವನು ಹೋದ ಕೂಡಲೇ ನಾನು ಸಿಡಿದೆ. ಮೂಗಿನ ತುದಿಯ ಕೋಪ ನನ್ನದು, ಒಮ್ಮೆ ಬಾಯಿಬಿಟ್ಟರೆ ಎದುರಿಗಿರುವವರು ಯಾರೆಂದು ನೋಡುವುದಿಲ್ಲ.

"ಇದು ನಿಮ್ಮ ಪಂಪ್‌ಹೌಸ್ ಅಲ್ಲ ಮಾವ. ಇನ್ಮೇಲೆ ಈ ಮಷಿನ್ ಮುಟ್ಟಬೇಡಿ. ಒಂದು ಬಟನ್ ಕೂಡ ಮುಟ್ಟಬೇಡಿ. ಆ ಸದ್ದು ಈ ಸದ್ದು ಅಂತ ನನ್ನತ್ರ ಬರಲೂಬೇಡಿ!"

"ಆಯ್ತು ಮಗಾ," ಎಂದರು ಮಾವ. "ನಂಗೆ ಗೊತ್ತಾಗ್ಲಿಲ್ಲ. ಇನ್ನು ಮುಟ್ಟುದಿಲ್ಲ."

ಸೌಟನ್ನು ತೊಳೆದು ತಂದು ಅದರ ಜಾಗದಲ್ಲಿಟ್ಟರು. ಸಂಜೆ ಗಂಡ, "ಸ್ವಲ್ಪ ಜಾಸ್ತಿ ಆಯ್ತು ಕಣೆ," ಎಂದಷ್ಟೇ ಹೇಳಿದ. ಕ್ಷಮೆ ಕೇಳಬೇಕು ಅನಿಸಿತು. ನಾಳೆ, ನಾಳಿದ್ದು ಎನ್ನುತ್ತಾ ಕ್ರಿಸ್‌ಮಸ್ ಬಂತು, ಆಮೇಲೆ ಮಾವನೇ ಅದನ್ನು ಮರೆತಂತೆ ಇದ್ದರು.

ಜನವರಿಯಲ್ಲಿ ಗಂಡನಿಗೆ ಒಡಹುಟ್ಟಿದವನಂತಿರುವ ಗೆಳೆಯನ ಮಗುವಿಗೆ ನಾಮಕರಣವೆಂದು ಸುಮಾರು ಮೂರು ಗಂಟೆ ದಾರಿಯ ಬ್ಯಾಲಿನ್‌ಕೊಲಿಗ್‌ಗೆ ಹೊರಟೆವು. ಶುಕ್ರವಾರ ಮಧ್ಯಾಹ್ನ ಹೋಗಿ ಭಾನುವಾರ ಸಂಜೆ ವಾಪಸು. ಅಷ್ಟು ದೂರ ಕಾರಿನಲ್ಲಿ ಕೂರಲು ಬೆನ್ನು ಕೇಳುವುದಿಲ್ಲ ಎಂದು ಮಾವ ಉಳಿದುಕೊಂಡರು. ಸಾರು, ಪಲ್ಯ ಮಾಡಿ ಫ್ರಿಜ್ಜಿನಲ್ಲಿಟ್ಟೆ. ಹೊರಡುವಾಗ ಮಾವ ಬಾಗಿಲಿನವರೆಗೆ ಬಂದು, "ಮಗಾ, ಒಂದು ಮಾತು..." ಎಂದರು. ನಾನು ಉಡುಗೊರೆಯ ಚೀಲ ಹುಡುಕುವ ಗಡಿಬಿಡಿಯಲ್ಲಿ, "ಬೇಗ ಹೇಳಿ ಮಾವ," ಎಂದೆ. "ಏನಿಲ್ಲ, ಜಾಗ್ರತೆ ಹೋಗಿ," ಎಂದರು.

ಆ ಎರಡು ದಿನ ದೇಶವೆಲ್ಲ ಹೆಪ್ಪುಗಟ್ಟಿತ್ತು. ನಾನು ಮೂರು ಸಲ ಫೋನ್ ಮಾಡಿದೆ. ಮನೆ ಬೆಚ್ಚಗಿದೆಯಾ ಮಾವ ಎಂದು ಮೂರು ಸಲವೂ ಕೇಳಿದೆ. ಮೂರು ಸಲವೂ ಅವರು ಗ್ರ್ಯಾಂಡ್ ಎಂದರು. ಕೊನೆಯ ಸಲ ಆ ಮಾತು ತೊದಲಿತ್ತು. ನಿದ್ದೆಗಣ್ಣಿರಬೇಕು ಎಂದುಕೊಂಡು ಹೋಳಿಗೆ ಬಡಿಸಲು ಎದ್ದೆ.

ಭಾನುವಾರ ಬಾಗಿಲು ತೆಗೆದಾಗ ಒಳಗೂ ಹೊರಗೂ ಒಂದೇ ಚಳಿ. ಮಾವ ಮಗಳ ಕೋಣೆಯಲ್ಲಿ, ಗಂಡನ ಜಾಕೆಟ್ಟು, ಮಂಕಿಕ್ಯಾಪು, ಮನೆಯಲ್ಲಿದ್ದ ಅಷ್ಟೂ ಹೊದಿಕೆಗಳ ಕೆಳಗೆ ಇದ್ದರು. ಮುಟ್ಟಿದರೆ ಕೆನ್ನೆ ತಣ್ಣಗಿತ್ತು. ನಡುಗುತ್ತಲೂ ಇರಲಿಲ್ಲ. ನನ್ನನ್ನು ನೋಡಿ ತೀರಿಹೋದ ನನ್ನ ಅತ್ತೆಯ ಹೆಸರು ಹಿಡಿದು ಕರೆದರು. ಗಂಡ ಆಂಬುಲೆನ್ಸಿಗೆ ಫೋನ್ ಮಾಡಿದ. ನಾನು ಬೀರುವಿನ ಬಳಿ ಓಡಿ ಮೂರನೆಯ ಬಟನ್ ಒತ್ತಿ ಹಿಡಿದೆ. ಅಷ್ಟೇ ಸಾಕಾಗಿತ್ತು, ಹೀಟರು ಹೊತ್ತಿಕೊಂಡಿತು.

ಆಸ್ಪತ್ರೆಯಲ್ಲಿ ಮೈ ಬಿಸಿಯಾಯಿತು, ಎದೆ ಮಾತ್ರ ಚೇತರಿಸಿಕೊಳ್ಳಲಿಲ್ಲ. ಮತ್ತೆ ನ್ಯುಮೋನಿಯಾ. ನಡುವೆ ಒಂದು ದಿನ ಪೂರ್ತಿ ಎಚ್ಚರವಿತ್ತು. ಅಂದು ಬೆಳಿಗ್ಗೆ ಮೆಕ್ಯಾನಿಕ್ ಬಂದು ಫ್ಯಾನಿನ ಬೇರಿಂಗ್ ಪುಡಿಯಾಗಿದೆ, ವಾರಗಟ್ಟಲೆ ಸದ್ದು ಮಾಡಿರಬೇಕಲ್ಲ, ಯಾರಿಗೂ ಕೇಳಿಸಲಿಲ್ಲವೇ ಎಂದು ಹೇಳಿಹೋಗಿದ್ದ.

"ಬೇರಿಂಗ್ ಹೋಗಿತ್ತು ಮಾವ," ಎಂದೆ.

"ಹೌದು," ಎಂದರು. "ಮಗುವಿಗೆ ಸ್ನಾನಕ್ಕೆ ಬಿಸಿನೀರು ಬರ್ತಾ ಉಂಟಾ?"

ಬರ್ತಿದೆ ಎಂದೆ. ತಪ್ಪಾಯಿತು ಎನ್ನಲು ಹೋಗಿ ಅತ್ತುಬಿಟ್ಟೆ. ಅವರು ನನ್ನ ಕೈ ತಟ್ಟಿದರು. ಮೂರು ದಿನಗಳ ನಂತರ ಹೋಗಿಬಿಟ್ಟರು. ಗಂಡ ಬೂದಿ ಹಿಡಿದು ಊರಿಗೆ ಹೋಗಿ ಬಂದ. ನನ್ನನ್ನು ಇವತ್ತಿನವರೆಗೂ ಒಂದು ಮಾತು ಅಂದಿಲ್ಲ. ಅಂದಿದ್ದರೆ ನಾನೂ ಜಗಳವಾಡಿ ಹಗುರಾಗಬಹುದಿತ್ತು.

ಮಾರ್ಚ್‌ನಲ್ಲಿ ಶಾಲೆಯ ಚೀಲ ಖಾಲಿ ಮಾಡುತ್ತಿದ್ದಾಗ ಮಗಳ ನೋಟ್‌ಬುಕ್ಕುಗಳ ನಡುವೆ ಒಂದು ಪುಸ್ತಕ ಸಿಕ್ಕಿತು. ಅಜ್ಜನಿಗೆ ತಾನೇ ಕೊಟ್ಟದ್ದಂತೆ. ಓದಲು ಬಾರದಿದ್ದರೂ ಅವರ ಕೈಬರಹವೆಂದು, ಅವರು ಹೋದ ಮೇಲೆ ಜೋಪಾನವಾಗಿ ಎತ್ತಿಟ್ಟುಕೊಂಡಿದ್ದಳು. ಡಿಸೆಂಬರ್‌ನಿಂದ ದಿನಕ್ಕೊಂದು ಬರಹ. ಮೊದಮೊದಲು, ಸದ್ದು ಸರಿ ಇದೆ. ಆಮೇಲೆ, ಫ್ಯಾನಿನಲ್ಲಿ ಸಣ್ಣಗೆ ಕಿರುಗುಟ್ಟುವ ಸದ್ದು. ಆಮೇಲೆ, ಬೇರಿಂಗ್ ಸವೆಯುತ್ತಿದೆ, ಹೇಳುವುದೋ ಬೇಡವೋ. ಪ್ರತಿ ಬರಹದ ಕೆಳಗೂ ಸಹಿಗೆಂದು ಒಂದು ಗೆರೆ. ಕೊನೆಯ ಪುಟ ನಾವು ಹೊರಟ ಶುಕ್ರವಾರದ್ದು.

"ಸಂಜೆ ಏಳು ಗಂಟೆ. ಫ್ಯಾನು ನಿಂತಿತು. ಬ್ಯಾಕಪ್ ಹಾಕಬೇಕು. ಮೂರನೇ ಬಟನ್, ಮೂರು ಸೆಕೆಂಡು. ಸೊಸೆ ಮುಟ್ಟಬಾರದು ಎಂದಿದ್ದಾಳೆ. ನಾಮಕರಣದ ಮನೆಯಲ್ಲಿರುವವಳಿಗೆ ಫೋನಿನಲ್ಲಿ ಹೇಳಿ ತೊಂದರೆ ಕೊಡುವುದು ಬೇಡ. ಭಾನುವಾರ ಅವಳು ಬಂದ ಮೇಲೆ ಕೇಳಿ ಹಾಕುವುದು."

ಅದರ ಕೆಳಗೂ ಗೆರೆ ಎಳೆದು ಬಿಟ್ಟಿದ್ದರು.