ಸಮುದ್ರದ ಹುಲಿಯ ಮದುಮಗ

ಮುದ್ದಯ್ಯ, ಆ ಶಾರ್ಕನ್ನು ಹಿಡಿದದ್ದು ನಾನಲ್ಲ. ನೀನು.

ಬರೆದುಬಿಟ್ಟೆ. ಮೂವತ್ತು ವರ್ಷಗಳಲ್ಲಿ ಈ ಮಾತಿಗೆ ಎಷ್ಟು ಪೀಠಿಕೆ ಹಾಕಿ ಹರಿದುಹಾಕಿದ್ದೇನೋ — ಕೊನೆಗೆ ಪೀಠಿಕೆಯೇ ಬೇಕಾಗಲಿಲ್ಲ.

ನೀನು ನಂಬುವುದಿಲ್ಲ, ಗೊತ್ತು. ಆ ಕಥೆಯನ್ನು ನನಗಿಂತ ಚೆನ್ನಾಗಿ ಹೇಳುವವನು ನೀನೇ. ಹುದಿಕೇರಿಯ ನಿನ್ನ ಮನೆಗೆ ಯಾರೇ ಬರಲಿ, "ನಾನು ದೋಣಿಯಲ್ಲಿ ಮಲಗಿ ಕಕ್ತಾ ಇದ್ದೆ, ಈ ಗೌಡ ಒಬ್ಬನೇ ಎಳೆದು ಹಾಕಿದ" ಎಂದು ಹೇಳಿ ಎಲ್ಲರಿಗಿಂತ ಮೊದಲು ನಗುತ್ತೀಯೆ. ಊರು ನಿನಗೆ ಇಟ್ಟ ಹೆಸರು — ವಾಂತಿ ಮುದ್ದಯ್ಯ — ಅದಕ್ಕೂ ನಗುತ್ತೀಯೆ. ನಾನು ಪಕ್ಕದಲ್ಲಿ ಕೂತು ಕಾಫಿ ಕುಡಿಯುತ್ತೇನೆ.

ನೆನಪನ್ನು ನಂಬಬಾರದು ಎಂದೇ ಕಾಲೇಜಿನ ದಿನಗಳಿಂದ ನಾನು ದಿನಚರಿ ಬರೆದವನು. ಮೊನ್ನೆ ಆ ದಿನದ ಪುಟ ತೆಗೆದೆ. ಎರಡೇ ವಾಕ್ಯಗಳು: "ಶಾರ್ಕ್ ನನ್ನ ಗಾಳಕ್ಕೆ ಬಿತ್ತು. ಮಧ್ಯಾಹ್ನ ಹಸಿವಿರಲಿಲ್ಲ." ಎರಡನೆಯದು ಮಾತ್ರ ನಿಜ. ನೆನಪು ಸುಳ್ಳು ಹೇಳೀತು ಎಂದು ಹೆದರಿ, ಸುಳ್ಳನ್ನು ಶಾಯಿಯಲ್ಲೇ ಬರೆದಿಟ್ಟಿದ್ದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷವಾಗಿತ್ತು. ಮಂಗಳೂರಿನ ಕ್ಲಬ್ಬೊಂದು ಆಳ ಸಮುದ್ರದಲ್ಲಿ ಶಾರ್ಕ್ ಹಿಡಿಯುವ ಪಂದ್ಯ ಇಟ್ಟು, ಕಾಫಿ ತೋಟದವರನ್ನೂ ಕರೆದಿತ್ತು. ನಾವಿಬ್ಬರೂ ಹೆಸರು ಕೊಟ್ಟೆವು. ಗಾಳಿಬೀಡಿನ ನಾನು, ಹುದಿಕೇರಿಯ ನೀನು — ನಾವು ಅದುವರೆಗೆ ಕಂಡಿದ್ದ ದೊಡ್ಡ ನೀರು ಎಂದರೆ ಭಾಗಮಂಡಲದಲ್ಲಿ ರಸ್ತೆ ಮುಳುಗಿಸಿದ ಕಾವೇರಿ.

ಹೊರಡುವ ದಿನ ನಿನ್ನ ಅಜ್ಜ ಹೇಳಿದ್ದು ನನಗೂ ಕೇಳಿಸಿತ್ತು. ಅದನ್ನು ಮರೆತಿದ್ದೆ ಎಂದು ಹೇಳಲಾರೆ. ಅಜ್ಜ ಹರೆಯದಲ್ಲಿ ಹುಲಿ ಹೊಡೆದು ನರಿ ಮಂಗಲ ಮಾಡಿಸಿಕೊಂಡವರು. ಕೊಡವರ ಮಾತಿನಲ್ಲಿ ನರಿ ಎಂದರೆ ಹುಲಿ. ಅದನ್ನು ಕೊಂದವನನ್ನು ಮದುಮಗನ ಹಾಗೆ ಸಿಂಗರಿಸಿ, ಮೇಲೆ ತೂಗುಹಾಕಿದ ಹುಲಿಯ ಕೆಳಗೆ ಮುಕ್ಕಾಲಿಯ ಮೇಲೆ ಕೂರಿಸಿ, ಅದರೊಡನೆ ಮದುವೆಯಾದಂತೆ ಅಕ್ಕಿ ಹಾಕಿ ಹರಸುವ ಶಾಸ್ತ್ರ. ಮೊಮ್ಮಗ ಆ ಮುಕ್ಕಾಲಿಯ ಮೇಲೆ ಕೂರುವುದನ್ನು ನೋಡಿ ಕಣ್ಣು ಮುಚ್ಚಬೇಕು — ಅಜ್ಜನಿಗಿದ್ದ ಆಸೆ ಅದೊಂದೇ. ಹುಲಿಗಳು ಕಡಿಮೆಯಾಗಿದ್ದವು. ನಿನ್ನ ಗುರಿ ಮೊದಲೇ ಕಡಿಮೆ.

"ಅದೂ ಮನುಷ್ಯನನ್ನು ತಿಂತದಲ್ಲಾ?" ಎಂದರು ಅಜ್ಜ. "ಹಾಗಾದ್ರೆ ಅದೂ ಹುಲಿಯೇ. ಕೊಡಗನ್ನೂ ಮಂಗಳೂರನ್ನೂ ಸೇರಿಸಿ ಒಂದೇ ರಾಜ್ಯ ಮಾಡಿಬಿಟ್ರು. ಸಮುದ್ರ ಈಗ ನಮ್ದು, ಅದರ ಹುಲಿಯೂ ನಮ್ದು. ಹಿಡ್ಕೊಂಡು ಬಾ ಮುದ್ದ, ಮಂಗಲ ನಾನು ಮಾಡಿಸ್ತೇನೆ."

ದೋಣಿಯಲ್ಲಿ ನಾವಿಬ್ಬರು, ದೋಣಿ ನಡೆಸುವ ಬಾಬಣ್ಣ. ಇಬ್ಬರಿಗೂ ಒಂದೊಂದು ಗಾಳ. ಯಾರ ಗಾಳಕ್ಕೆ ಬಿತ್ತೋ ಮೀನು ಅವನದು — ಪಂದ್ಯದ ನಿಯಮ ಇಷ್ಟೇ. ಬಾಬಣ್ಣ ಕೊಟ್ಟ ಬಂಗುಡೆ ಮೀನನ್ನು ನಾನು ಗಾಳಕ್ಕೆ ಸಿಕ್ಕಿಸಿದೆ. ನೀನು ಮನೆಯಿಂದ ತಂದ ಟಿಫಿನ್ ಕ್ಯಾರಿಯರ್ ಬಿಚ್ಚಿ, ಪಂದಿ ಕರಿಯಿಂದ ಹಂದಿ ಚರ್ಮದ ದೊಡ್ಡ ತುಂಡೊಂದನ್ನು ಆರಿಸಿ ದಾರದಿಂದ ಕಟ್ಟಿದೆ.

"ಎಂಥದು ಮಾರಾಯ್ರೆ ಇದು?" ಎಂದ ಬಾಬಣ್ಣ.

"ಬಂಗುಡೆ ಅದು ದಿನಾ ತಿಂತದೆ. ಕರೆದ ನೆಂಟನಿಗೆ ಪಂದಿ ಇಕ್ಕದೆ ಕಳಿಸೋದುಂಟಾ?"

ನಾನು ನಕ್ಕೆ. ಬಿ.ಎ. ಓದಿದವನ ನಗು.

ದಡ ಮರೆಯಾಗುವ ಮೊದಲೇ ನಿನ್ನ ಮುಖ ಬಾಳೆಯೆಲೆಯ ಹಾಗಾಯಿತು. ನೀನು ದೋಣಿಯ ತಳದಲ್ಲಿ ಮಲಗಿ ಕಾವೇರಮ್ಮನಿಂದ ಹಿಡಿದು ಎಲ್ಲ ದೇವರನ್ನೂ ಕರೆದೆ. ಯಾವ ದೇವರೋ ಬಂದಿರಬೇಕು — ದಾರ ಬಿಗಿಯಾಯಿತು. ಆಗ ಅದು ನನ್ನದೇ ಎಂದುಕೊಂಡಿದ್ದೆ. ಇಷ್ಟನ್ನಾದರೂ ನಂಬು — ಅಥವಾ ಬೇಡ, ನನಗೂ ಖಾತ್ರಿಯಿಲ್ಲ. ಎರಡು ದಾರಗಳೂ ಒಂದಕ್ಕೊಂದು ಸುತ್ತಿಕೊಂಡಿದ್ದವು. ನಾನೂ ಬಾಬಣ್ಣನೂ ಅಂಗೈ ಸುಲಿಯುವಷ್ಟು ಎಳೆದೆವು. ಕೊನೆಗೆ ನನ್ನಷ್ಟೇ ಉದ್ದದ ಶಾರ್ಕ್ ದೋಣಿಯೊಳಗೆ ಬಿತ್ತು. ಬಾಬಣ್ಣ ಅದರ ತಲೆಗೆ ದೊಣ್ಣೆಯಿಂದ ಹೊಡೆದು, ನಮಗೆ ಬೆನ್ನು ಹಾಕಿ ಬಾಲ ಕಟ್ಟತೊಡಗಿದ.

ನಾನು ದಾರಗಳನ್ನು ಕೊಯ್ದು ಅದರ ಬಾಯಿಂದ ಗಾಳ ಬಿಡಿಸಿದೆ. ಗಾಳದ ತುದಿಯಲ್ಲಿ ಪಂದಿಯ ತುಂಡು.

ಅದೇ ಹೊತ್ತಿಗೆ ಕ್ಲಬ್ಬಿನ ದೋಣಿ ಹತ್ತಿರ ಬಂತು. ಹೆಸರು ಬರೆದುಕೊಳ್ಳುವವರು ಕೂಗಿದರು: "ಯಾರ ಗಾಳಕ್ಕೆ?"

ನೀನು ತಲೆ ಎತ್ತಿದೆ. ಗಡ್ಡಕ್ಕೆ ಏನೋ ಅಂಟಿತ್ತು. ಕಣ್ಣು ಮಾತ್ರ — "ನಂದಾ, ಗೌಡ?" ಎಂದು ಕೇಳಿದೆ.

ನಾನು ಆ ತುಂಡನ್ನು ಬಾಯಿಗೆ ಹಾಕಿಕೊಂಡೆ.

ಯೋಚಿಸಿ ಮಾಡಿದ್ದಲ್ಲ ಎಂದು ಬರೆಯಲು ಹೊರಟೆ, ಹೊಡೆದುಹಾಕಿದ್ದೇನೆ. ಸಮುದ್ರಕ್ಕೆ ಎಸೆಯಬಹುದಿತ್ತು, ಜೇಬಿಗೆ ಹಾಕಬಹುದಿತ್ತು. ನುಂಗಿದೆ — ಶಾರ್ಕಿನ ಬಾಯಿಂದ ಬಂದದ್ದನ್ನು, ಉಪ್ಪುನೀರು, ರಕ್ತ, ನಿಮ್ಮ ಮನೆಯ ಕಾಚಂಪುಳಿ ಹುಳಿಯ ಸಮೇತ. ಬಾಯಿ ತುಂಬಿದ್ದರಿಂದ ಮಾತಾಡಲಾಗಲಿಲ್ಲ. ಬೆರಳಿನಿಂದ ನನ್ನ ಎದೆ ತೋರಿಸಿದೆ.

ನೀನು "ಭೇಷ್ ಗೌಡ" ಎಂದು ಹೇಳಿ ಮತ್ತೆ ಮಲಗಿದೆ.

ಮುಂದಿನದು ನಿನಗೆ ಗೊತ್ತು. ಮಂಜುಗಡ್ಡೆ, ಉಪ್ಪು ಸುರಿದು ಜೀಪಿನಲ್ಲಿ ಆ ಪ್ರಾಣಿಯನ್ನು ಘಟ್ಟ ಹತ್ತಿಸಿದೆವು. ಮಂಜುಗಡ್ಡೆ ಘಟ್ಟದ ಬುಡದ ಸಂಪಾಜೆಯಲ್ಲೇ ಕರಗಿತು. ಅಲ್ಲಿಂದಾಚೆ ದಾರಿಯುದ್ದಕ್ಕೂ ಊರೂರಿನ ನಾಯಿಗಳು ನಮ್ಮನ್ನು ಒಂದಕ್ಕೊಂದು ಒಪ್ಪಿಸುತ್ತ ಹುದಿಕೇರಿಗೆ ತಲುಪಿಸಿದವು. ಹಿಡಿದವನು ಮೊಮ್ಮಗನಲ್ಲ ಎಂದು ತಿಳಿದಾಗ ಅಜ್ಜ ಸ್ವಲ್ಪ ಹೊತ್ತು ಮೀಸೆ ಸವರಿಕೊಂಡರು. ಆಮೇಲೆ, "ಮಾತು ಕೊಟ್ಟಿದ್ದೇನೆ. ಯಾರು ಹಿಡಿದ್ರೂ ಹುಲಿ ಹುಲಿಯೇ" ಎಂದರು.

ಮದುಮಗನ ಬಿಳಿ ನಿಲುವಂಗಿ ತೊಟ್ಟು ಮುಕ್ಕಾಲಿಯ ಮೇಲೆ ಕೂತೆ. ಮೇಲಿನಿಂದ ವಧು ನನ್ನ ಹೆಗಲಿಗೆ ತೊಟ್ಟಿಕ್ಕುತ್ತಿದ್ದಳು. ಬಂದವರು ಅಕ್ಕಿ ಹಾಕಲು ಒಂದು ಕೈ, ಮೂಗಿಗೆ ಒಂದು ಕೈ. ಯಾರೋ ಗೊಣಗಿದ್ದಕ್ಕೆ ಅಜ್ಜ ಗದರಿದರು: "ನಾನು ಹೊಡೆದ ಹುಲಿಯೇನು ಸಂಪಿಗೆ ಮುಡಿದಿತ್ತಾ?" ನೀನು ನನ್ನ ಹಿಂದೆ ಕೊಡೆ ಹಿಡಿದು ನಿಂತಿದ್ದೆ — ಬಿಸಿಲಿಗಲ್ಲ, ವಧುವಿನಿಂದ ನನ್ನನ್ನು ಕಾಪಾಡಲು.

ಅಜ್ಜ ನನ್ನ ಮಂಡಿಗೆ, ಹೆಗಲಿಗೆ, ತಲೆಗೆ ಅಕ್ಕಿ ಹಾಕಿದರು. ಕಿಂಡಿಚೆಂಬಿನಿಂದ ಹಾಲು ಕುಡಿಸಿದರು. ಆಮೇಲೆ ಕೊಡೆಯ ಕೆಳಗಿದ್ದ ನಿನ್ನನ್ನು ನೋಡಿ, "ನೀನು ಯಾವಾಗ ಕೂರ್ತೀಯೋ?" ಎಂದರು.

"ಕೂರ್ತೇನೆ ಅಜ್ಜ. ಸ್ವಲ್ಪ ತಡೀರಿ."

ಅವರು ತಡೆದರು. ಎರಡು ಪುತ್ತರಿ ಸುಗ್ಗಿ ಹಬ್ಬಗಳವರೆಗೆ; ಮೂರನೆಯದಕ್ಕೆ ಅವರಿರಲಿಲ್ಲ.

ಆ ದಿನ ಊಟಕ್ಕೆ ಪಂದಿ ಬಡಿಸಲು ಬಂದಾಗ ನಾನು ಎಲೆಗೆ ಕೈ ಅಡ್ಡ ಹಿಡಿದೆ. ಮಂಗಲದ ಮದುಮಗ ವ್ರತ ಹಿಡಿದಿದ್ದಾನೆ ಎಂದು ನೀವೆಲ್ಲ ಮೆಚ್ಚಿದಿರಿ. ಇಂದಿಗೂ ನಾನು ಅದನ್ನು ಮುಟ್ಟಿಲ್ಲ. "ನನಗೋಸ್ಕರ ಒಂದು ಬೀಡಿ ಬಿಡದ ಮನುಷ್ಯ, ಆ ಮೀನಿಗೋಸ್ಕರ ಪಂದಿ ಬಿಟ್ರು" ಎಂದು ನನ್ನ ಹೆಂಡತಿ ಈಗಲೂ ಚುಚ್ಚುತ್ತಾಳೆ. ಅದು ವ್ರತವಲ್ಲ, ಮುದ್ದಯ್ಯ. ವಾಸನೆ ಬಂದರೆ ಸಾಕು, ನಿನ್ನ ಪ್ರಶ್ನೆ ಕೇಳಿಸುತ್ತದೆ.

ಅಂಗೈ ಸುಲಿದುಕೊಂಡು ಎಳೆದವನು ನಾನೇ ಅಲ್ಲವೇ ಎಂದು ಎಷ್ಟೋ ಸಲ ನನಗೆ ನಾನೇ — ಬೇಡ. ಗಾಳ ನಿನ್ನದು. ನೆಂಟನನ್ನು ಕರೆದವನು ನೀನು. ನಿನ್ನ ಹೆಸರನ್ನು ಊರಿನ ನಗುವಿನಿಂದ ಬಿಡಿಸಬಹುದೇನೋ. ಅಜ್ಜನಿಗೆ ತೋರಿಸಬೇಕಾದದ್ದನ್ನು ಇನ್ನು ಯಾರಿಗೆ ತೋರಿಸಲಿ?

ಭಾನುವಾರ ಬರುತ್ತೇನೆ. ನಿಮ್ಮ ಮನೆತನದ, ಒಕ್ಕದ ಹಿರಿಯರನ್ನೆಲ್ಲ ಕರೆದಿಟ್ಟಿರು. ಈ ಕಾಗದವನ್ನು ಅವರೆದುರು ನಾನೇ ಓದುತ್ತೇನೆ. ಪಂದಿ ಮಾಡಿಸು, ನನಗೂ ಬಡಿಸು. ಅಟ್ಟದಿಂದ ಮುಕ್ಕಾಲಿ ಇಳಿಸಿ ಒರೆಸಿಡು. ಅಕ್ಕಿಯನ್ನು ನಮ್ಮ ಗದ್ದೆಯಿಂದ ತರುತ್ತೇನೆ. ಕೂರು ಎಂದಾಗ ನಗದೆ ಕೂರಬೇಕು. ಕೊಡೆ ನಾನು ಹಿಡಿಯುತ್ತೇನೆ.